ಹಾಲಿನ ಸಾಲಿನಲ್ಲಿ ನಿಂತವರಿಗೆ ಒಂದು ಪಾಠ

ನಾನು ಕೆಲಸ ಮಾಡಿದ ಸಂಸ್ಥೆಗೆ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. ಹಳ್ಳಿಯ ಹೆಂಗಸರಿಗೆ ಒಂದು ಆನ್‌ಲೈನ್ ತರಬೇತಿಯನ್ನು ಬೇಗನೆ ಶುರುಮಾಡಬೇಕಂತೆ. “ಚರ್ಮಗಂಟು ರೋಗ ಬಂದಾಗ ನೀವು ಒಂದೇ ವಾರದಲ್ಲಿ ಪಾಠ ಹೊರಡಿಸಿದ್ರಂತಲ್ಲ ಮೇಡಂ, ಅದರ ಪ್ಲಾನ್ ಇದ್ರೆ ಕಳಿಸ್ತೀರಾ?” ಎಂದು ಕೇಳಿದಳು. ಅಂಥ ಪ್ಲಾನ್ ಕಾಗದದ ಮೇಲೆ ಇರಲೇ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ನೋಡಿ ಹೇಳುತ್ತೇನೆ ಅಂದೆ. ಆಮೇಲೆ ಕೂತು ಯೋಚಿಸಿದಾಗ ನೆನಪಾದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೂ ಅವಳ ಹಾಗೆ ಈ ಕೆಲಸಕ್ಕೆ ಬರುವವರಿಗೂ ಎಷ್ಟು ಉಪಯೋಗವೋ ತಿಳಿಯದು. ನನಗಂತೂ ಆ ದಿನಗಳಲ್ಲಿ ಇನ್ನೊಮ್ಮೆ ಓಡಾಡಿದ ಹಾಗಾಯಿತು.

ಕಚೇರಿಯಲ್ಲಿ ನನ್ನನ್ನು ತರಬೇತಿದಾರಳು ಎನ್ನುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಸು ಸಾಕುವ ಹೆಂಗಸರನ್ನು ಕೂರಿಸಿಕೊಂಡು ಮೇವು, ಕರುಗಳ ಆರೈಕೆ, ಕೆಚ್ಚಲು ಬಾವು, ಹಾಲಿನ ಶುಚಿ ಇವುಗಳ ಬಗ್ಗೆ ಮಾತಾಡುವುದು ನನ್ನ ಕೆಲಸ. ಮನೆ ಹುಣಸೂರಿನಲ್ಲಿತ್ತು. ಬೆಳಗಿನ ಬಸ್ಸು ಹತ್ತಿದರೆ ಒಂದು ದಿನ ರಾವಂದೂರು ಕಡೆ, ಇನ್ನೊಂದು ದಿನ ಬಿಳಿಕೆರೆ ಕಡೆ. ಶಾಲೆಯ ಜಗಲಿಯೋ ಡೇರಿಯ ಮುಂದಿನ ಕಟ್ಟೆಯೋ ಸಿಕ್ಕಿದರೆ ಸಾಕು, ಚಾಪೆ ಹಾಸಿ ಪಾಠ ಶುರು. ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಿಳಿಯದವಳು ಸೆರಗಿನ ತುದಿ ಸುತ್ತುತ್ತ ಪಕ್ಕದವಳ ಕಡೆ ನೋಡುತ್ತಿದ್ದಳು. ಆಗ ನಾನು ಮಾತು ನಿಲ್ಲಿಸಿ, ಅವಳ ಹಸುವಿನ ಹೆಸರೇನೆಂದು ಕೇಳಿ, ಆ ಹಸುವನ್ನೇ ಇಟ್ಟುಕೊಂಡು ಪಾಠವನ್ನು ಮೊದಲಿಂದ ಹೇಳುತ್ತಿದ್ದೆ.

ಇದನ್ನು ನಾನು ಶುರುವಿನಲ್ಲೇ ಕಲಿತವಳಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹನಗೋಡಿನ ಆಚೆಯ ಒಂದು ಊರಿನಲ್ಲಿ ಸಮತೋಲನ ಆಹಾರದ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೆ. ಎಲ್ಲರೂ ಸುಮ್ಮನೆ ಕೇಳುತ್ತಿದ್ದರು. ಬಹಳ ಚೆನ್ನಾಗಿ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಸಣಕಲು ಹೆಂಗಸೊಬ್ಬಳು ಎದ್ದು ನಿಂತು, “ಮೇಡಮ್ಮಾರೆ, ಬೇಜಾರ್ ಮಾಡ್ಕಬ್ಯಾಡಿ. ಆಲು ಕರೆಯೋ ಒತ್ತಾಯ್ತು. ಉಳ್ದಿದ್ದ ನಾಳೀಕೆ ಏಳ್ಬೋದಾ?” ಎಂದಳು. ಮಿಕ್ಕವರೆಲ್ಲ ಅವಳ ಹಿಂದೆಯೇ ಎದ್ದು ಹೋದರು. ಹಾಗೆ ಪರಿಚಯವಾದವಳು ಗೌರಮ್ಮ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಹೊಗೆಸೊಪ್ಪು ಬೆಳೆಯುತ್ತಿದ್ದ. ಕೊಟ್ಟಿಗೆ ಪೂರ್ತಿ ಅವಳದೇ. ಆಮೇಲೆ ಆ ಕಡೆ ಹೋದಾಗಲೆಲ್ಲ ಅವಳ ಮನೆಯಲ್ಲೇ ನನ್ನ ಊಟ. ಹೊಸ ಪಾಠವನ್ನು ಮೊದಲು ಅವಳ ಮುಂದೆ ಹೇಳಿ ನೋಡುವುದು ಅಭ್ಯಾಸವಾಯಿತು. ಅವಳು ಬೇಳೆ ಆರಿಸುತ್ತಲೇ ಕೇಳುತ್ತಿದ್ದಳು. ಅವಳ ಕೈ ನಿಂತರೆ ಮಾತು ನಾಟಿತು ಎಂದು ಅರ್ಥ.

ನನ್ನ ನಿವೃತ್ತಿಗೆ ಇನ್ನೇನು ಒಂದು ವರ್ಷ ಇರುವಾಗ ಚರ್ಮಗಂಟು ರೋಗ ನಮ್ಮ ಕಡೆಗೆ ಬಂತು. ಹಸುವಿಗೆ ಜ್ವರ ಬಂದು, ಮೈಮೇಲೆಲ್ಲ ಗೋಲಿಯಂಥ ಗಂಟುಗಳೆದ್ದು, ಕಾಲು ಬಾತು, ಮೇವು ಬಿಡುವ ಕಾಯಿಲೆ. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ. ಕೆಲವು ಊರುಗಳಲ್ಲಿ ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಡಾಕ್ಟರನ್ನು ಕರೆಯದೆ ಉಳಿದರು. ಇನ್ನು ಕೆಲವರು ಹೆದರಿ ಹಸುವನ್ನು ಸಿಕ್ಕಿದ ಬೆಲೆಗೆ ದಲ್ಲಾಳಿಗೆ ಕೊಟ್ಟರು. ಅವನು ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಇನ್ನೊಂದು ಊರಿಗೆ ಹೋದ, ಕಾಯಿಲೆಯೂ ಹೋಯಿತು. ನಾನೊಬ್ಬಳೇ ಬಸ್ಸಿನಲ್ಲಿ ನಾಲ್ಕು ತಾಲ್ಲೂಕು ಸುತ್ತಿ ಬರುವಷ್ಟರಲ್ಲಿ ಅದು ನನಗಿಂತ ಎಷ್ಟೋ ಮುಂದೆ ಇರುತ್ತಿತ್ತು.

ನಮ್ಮ ತರಬೇತಿ ವಿಭಾಗದ ಮುಖ್ಯಸ್ಥರು ರಾಜಶೇಖರ್ ಎಂದು. ಮೈಸೂರಿನ ಕಚೇರಿಯಲ್ಲಿ ಕೂರುತ್ತಿದ್ದರು. ಅವರು ಫೋನ್ ಮಾಡಿ, ಬರುವ ಸೋಮವಾರ ಆನ್‌ಲೈನ್ ತರಬೇತಿ ಶುರುವಾಗಲೇಬೇಕು ಎಂದರು. ಅಂದು ಮಂಗಳವಾರ. ಅವರ ಮನಸ್ಸಿನಲ್ಲಿ ಇದ್ದದ್ದು ದಿನಕ್ಕೊಂದು ಗಂಟೆಯ ತರಗತಿ. ಹೆಂಗಸರು ಫೋನ್ ಹಿಡಿದು ಕೂರುತ್ತಾರೆ, ಎಲ್ಲರ ಮುಖವೂ ಪರದೆಯ ಮೇಲೆ ಕಾಣುತ್ತದೆ, ಕೊನೆಗೆ ಪ್ರಮಾಣಪತ್ರ. ನನ್ನ ಜೊತೆಗೆ ಪೂಣಚ್ಚ ಎಂಬ ಪಶುವೈದ್ಯರನ್ನು ಹಾಕಿದರು. ಕೊಡಗಿನ ಕಡೆಯವರು, ಚಿಕ್ಕ ವಯಸ್ಸು, ಮಾತು ಕಡಿಮೆ. ಫೋನಿನಲ್ಲಿ ಚಿತ್ರ, ಧ್ವನಿ ಜೋಡಿಸುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ನಾನು ಅಂದೇ ಪರಿಚಯದ ಹತ್ತಾರು ಹೆಂಗಸರಿಗೆ ಫೋನ್ ಹಚ್ಚಿದೆ. ಕೇಳಿದ್ದು ಎರಡೇ ಮಾತು. ಮನೆಯಲ್ಲಿ ದೊಡ್ಡ ಫೋನ್ ಯಾರ ಕೈಯಲ್ಲಿರುತ್ತದೆ? ನಿಮಗೆ ಪುರುಸೊತ್ತು ಯಾವಾಗ? ಫೋನ್ ಗಂಡನದು ಇಲ್ಲವೆ ಮಗನದು. ಅವರು ಹೊರಗೆ ಹೋದರೆ ಫೋನೂ ಹೊರಗೆ. ಪುರುಸೊತ್ತು ಎಂದಾಗ ಅರ್ಧ ಜನ ನಕ್ಕರು. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಂತೂ ಸಿಗ್ನಲ್ ಬೇಕಾದರೆ ಕೆರೆ ಏರಿಗೆ ಹೋಗಬೇಕಿತ್ತು. ಆದರೆ ಎಲ್ಲರೂ ಒಂದು ಕಡೆ ತಪ್ಪದೆ ನಿಲ್ಲುತ್ತಿದ್ದರು. ಸಂಜೆ ಡೇರಿಯ ಮುಂದೆ, ಹಾಲಿನ ಕ್ಯಾನು ಹಿಡಿದು, ಸಾಲಿನಲ್ಲಿ. ನಿಂತಲ್ಲೇ ಕೇಳಿಸಿದರೆ ಹೇಗೆ ಎಂದು ಪೂಣಚ್ಚನವರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಆಗುತ್ತದೆ ಎಂದರು. ಐದು ನಿಮಿಷದ ಪಾಠ. ಅದನ್ನು ಮಧ್ಯಾಹ್ನವೇ ಡೇರಿಯ ಕಾರ್ಯದರ್ಶಿಯ ಫೋನಿಗೆ ಕಳಿಸುವುದು, ಅವರು ಸಂಜೆ ಹಾಲು ಹಾಕುವ ಹೊತ್ತಿಗೆ ಸ್ಪೀಕರಿಗೆ ಸಿಕ್ಕಿಸಿ ಹಾಕುವುದು, ಜೊತೆಗಿನ ಫೋಟೋವನ್ನು ಫೋನಿನಲ್ಲೇ ತೋರಿಸುವುದು. ಕೇಳಿದವರು ಸಂದೇಹವಿದ್ದರೆ ಕಾರ್ಯದರ್ಶಿಯ ಫೋನಿನಲ್ಲೇ ಮಾತಾಡಿ ನಮಗೆ ಕಳಿಸುವುದು. ರಾಜಶೇಖರ್ ಅವರಿಗೆ ಇದು ಅಷ್ಟು ಹಿಡಿಸಲಿಲ್ಲ. ಹಾಜರಾತಿ ಹೇಗೆ ಎಂದು ಕೇಳಿದರು. ಹಾಲು ಹಾಕಿದವರೆಲ್ಲ ಹಾಜರು ಎಂದೆ. ಸೋಮವಾರ ತಪ್ಪಬಾರದು ಎಂದಷ್ಟೇ ಹೇಳಿ ಫೋನ್ ಇಟ್ಟರು.

ಶುಕ್ರವಾರ ಕೆ.ಆರ್. ನಗರದ ಕಡೆಯ ಒಂದು ಡೇರಿಯಲ್ಲಿ ಮೊದಲ ಪ್ರಯೋಗ ಮಾಡಿದೆವು. ಪೂಣಚ್ಚನವರು ಶುದ್ಧವಾದ ಪುಸ್ತಕದ ಕನ್ನಡದಲ್ಲಿ, “ರೋಗಪೀಡಿತ ಜಾನುವಾರುಗಳನ್ನು ಪ್ರತ್ಯೇಕಿಸತಕ್ಕದ್ದು” ಎಂದೆಲ್ಲ ಮಾತಾಡಿದ್ದರು. ಸಾಲಿನಲ್ಲಿದ್ದವರು ಹರಟೆ ನಿಲ್ಲಿಸಲಿಲ್ಲ. ಒಬ್ಬ ಅಜ್ಜಿ ಇನ್ನೊಬ್ಬರಿಗೆ, ರೇಡಿಯೋದಲ್ಲಿ ವಾರ್ತೆ ಬರುತ್ತಿದೆ ಎಂದು ಹೇಳಿದ್ದು ನಮಗೆ ಕೇಳಿಸಿತು. ಪೂಣಚ್ಚನವರ ಮುಖ ಸಣ್ಣದಾಯಿತು. ವಾಪಸು ಬರುವಾಗ ಜೀಪಿನಲ್ಲಿ ಅವರಿಗೆ ನನ್ನ ಹಳೆಯ ಸಮತೋಲನ ಆಹಾರದ ಕಥೆ ಹೇಳಿದೆ. ಆ ದಿನ ಅವರು ಮೊದಲ ಸಲ ನಕ್ಕದ್ದು. “ಹಾಗಾದರೆ ನೀವು ಮಾತಾಡಿ, ನಾನು ಬೇಕಾದ್ದು ಹೇಳಿಕೊಡುತ್ತೇನೆ” ಎಂದರು. ಹೀಗೆ ಪಾಠದ ಧ್ವನಿ ನನ್ನದಾಯಿತು.

ಮಾತು ಸಿಕ್ಕಿತು, ಹಸು ಬೇಕಿತ್ತು. ಯಾವುದೋ ದೇಶದ ಹಸುವಿನ ಚಿತ್ರ ತೋರಿಸಿದರೆ ಯಾರು ನಂಬುತ್ತಾರೆ? ಶನಿವಾರ ಬೆಳಗ್ಗೆ ಗೌರಮ್ಮನ ಫೋನ್ ಬಂತು. ಅವಳ ಹಸು ಕೆಂಪಿಗೆ ಕುತ್ತಿಗೆಯ ಹತ್ತಿರ ಗಂಟೆದ್ದಿತ್ತು. ಕೂಡಲೇ ಹೊರಟೆವು. ಲಕ್ಷ್ಮಣತೀರ್ಥ ಹೊಳೆ ತುಂಬಿ ಹರಿಯುತ್ತಿತ್ತು, ಗಾಳಿಯಲ್ಲಿ ನೊಣವೋ ನೊಣ. ಪೂಣಚ್ಚನವರು ಕೆಂಪಿಯನ್ನು ಪರೀಕ್ಷಿಸಿ ಇಂಜೆಕ್ಷನ್ ಕೊಟ್ಟರು. ಕರುವನ್ನು ಮನೆಯ ಇನ್ನೊಂದು ಪಕ್ಕಕ್ಕೆ ಕಟ್ಟಿಸಿದೆವು. ಅದಾದ ಮೇಲೆ ನಾನು ಅಳುಕುತ್ತಲೇ ಕೇಳಿದೆ: ಕೆಂಪಿಯ ಫೋಟೋ ತೆಗೆದು, ಅವಳ ಹೆಸರು ಹೇಳಿಯೇ ಪಾಠ ಮಾಡಬಹುದೇ?

ಗೌರಮ್ಮ ಕೆಂಪಿಯ ಹತ್ತಿರ ಹೋಗಿ ನಿಂತಳು. ತನ್ನ ಕೊಟ್ಟಿಗೆಯಲ್ಲಿ ರೋಗವಿದೆ ಎಂದು ನಾಲ್ಕು ತಾಲ್ಲೂಕಿಗೆ ಸಾರಿದಂತಾಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳ ಗಂಡ ಬೇಡವೆಂಬಂತೆ ತಲೆಯಾಡಿಸಿದ. ಕೊನೆಗೆ ಅವಳು ಕೆಂಪಿಯ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ನೀವುತ್ತ, “ತಗೊಳ್ಳಿ ಬುಡಿ. ಇವಳ್ ನೋಡಿ ಇನ್ನೊಬ್ರು ಬ್ಯಾಗ ಎಚ್ಚೆತ್ಕಳ್ಳಿ” ಎಂದಳು.

ಸೋಮವಾರ ಸಂಜೆ ಮೊದಲ ಪಾಠ ಹೋಯಿತು. ‘ಹನಗೋಡಿನ ಆಚೆ ಗೌರಮ್ಮ ಅಂತ ಒಬ್ಬರಿದ್ದಾರೆ. ಅವರ ಹಸು ಕೆಂಪಿ ಎರಡು ದಿನದಿಂದ ಸರಿಯಾಗಿ ಮೇವು ತಿನ್ನುತ್ತಿಲ್ಲ’ ಎಂದೇ ಶುರು ಮಾಡಿದ್ದೆ. ಆ ಸಂಜೆ ನಾನು ಮನೆಯಲ್ಲಿ ಫೋನ್ ಹಿಡಿದು ಕೂತಿದ್ದೆ. ಇಷ್ಟು ವರ್ಷ ಮುಖ ನೋಡಿ ಮಾತಾಡಿದವಳಿಗೆ ಅಂದು ಎದುರಿಗೆ ಒಂದು ಮುಖವೂ ಇಲ್ಲ. ಬಾವಿಗೆ ಇಳಿಬಿಟ್ಟ ಬಿಂದಿಗೆ ನೀರಿಗೆ ತಾಗಿತೋ ಇಲ್ಲವೋ ತಿಳಿಯದಂಥ ಸ್ಥಿತಿ. ಆಮೇಲೆ ಒಂದೊಂದಾಗಿ ಬರತೊಡಗಿದವು, ಹೆಂಗಸರ ದನಿಗಳು. ಹಿಂದೆ ಕ್ಯಾನುಗಳ ಸದ್ದು, ಸ್ಕೂಟರಿನ ಹಾರನ್ನು. ಗಂಟು ಬಂದ ಹಸುವಿನ ಹಾಲು ಕಾಯಿಸಿ ಕುಡಿಯಬಹುದೇ? ಕಾಯಿಲೆ ಬಂದ ಮೇಲೆ ಲಸಿಕೆ ಹಾಕಿಸಬಹುದೇ? ಬೇವಿನ ಹೊಗೆ ಹಾಕಿದರೆ ಅಮ್ಮನಿಗೆ ಕೋಪ ಬರುವುದಿಲ್ಲವೇ? ಪೂಣಚ್ಚನವರು ಹೇಳಿಕೊಟ್ಟಂತೆ ಒಂದೊಂದಕ್ಕೂ ಉತ್ತರ ಹೇಳಿದೆ. ಅಮ್ಮನ ಪ್ರಶ್ನೆಗೆ ಮಾತ್ರ ನಾನೇ ಹೇಳಿದೆ: ಬೇವು ಅಮ್ಮನದೇ, ಹೊಗೆಗೆ ನೊಣ ಓಡುತ್ತದೆ, ನೊಣದ ಮೇಲೆ ಅಮ್ಮನಿಗೇನೂ ಪ್ರೀತಿ ಇಲ್ಲ.

ಮೂರನೇ ಪಾಠದ ಹೊತ್ತಿಗೆ ಪ್ರಶ್ನೆಗಳ ಜೊತೆ ಇನ್ನೊಂದು ಮಾತು ಸೇರಿಕೊಂಡಿತು. ರಾವಂದೂರಿನಿಂದ, ಬಿಳಿಕೆರೆಯಿಂದ, ಹೆಸರೂ ಕೇಳದ ಕಾಡಂಚಿನ ಊರುಗಳಿಂದ ಒಂದೇ ಮಾತು: ಕೆಂಪಿ ಹೇಗಿದ್ದಾಳೆ? ನಾನು ಅವನ್ನೆಲ್ಲ ಗೌರಮ್ಮನಿಗೆ ಕೇಳಿಸುತ್ತಿದ್ದೆ. ಅವಳು ಕೇಳಿ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ಕೆಂಪಿಗೆ ಗುಣವಾಗುತ್ತಿರಲಿಲ್ಲ. ಎದೆಯ ಕೆಳಗೆ ನೀರು ತುಂಬಿ ಕಾಲು ಕಂಬದ ಹಾಗೆ ಬಾತಿದ್ದವು. ಈ ನಡುವೆ ದಲ್ಲಾಳಿಯೊಬ್ಬ ಅವಳ ಮನೆಗೂ ಬಂದು ಹೋಗಿದ್ದ. ಗಂಡ ಕೊಟ್ಟುಬಿಡೋಣ ಎಂದನಂತೆ. ಇವಳು ಒಪ್ಪಿರಲಿಲ್ಲ.

ಕೊನೆಯ ಪಾಠದಲ್ಲಿ ಕೆಂಪಿ ಎದ್ದು ಮೇವು ತಿನ್ನುತ್ತಾಳೆಂದು ನಾವು ಮೊದಲೇ ಅಂದುಕೊಂಡಿದ್ದೆವು. ಅದನ್ನು ಕಳಿಸಬೇಕಾದ ಹಿಂದಿನ ದಿನ ಬೆಳಗ್ಗೆ ಗೌರಮ್ಮ ಫೋನ್ ಮಾಡಿದಳು. “ಮೇಡಮ್ಮಾರೆ, ಬರಾದಾದ್ರೆ ಬನ್ನಿ. ಔಸ್ದಿ ತರ್ಬ್ಯಾಡಿ” ಎಂದಳು.

ನಾವು ಹೋಗುವ ಹೊತ್ತಿಗೆ ಹೊಲದ ಬದಿಯಲ್ಲಿ ಗುಂಡಿ ತೋಡುತ್ತಿದ್ದರು. ಗೌರಮ್ಮ ಕೆಂಪಿಯ ಹಣೆಗೆ ಅರಿಶಿನ ಕುಂಕುಮ ಇಟ್ಟಿದ್ದಳು. ಪೂಣಚ್ಚನವರು ಸುಣ್ಣ ಹಾಕಿಸಿ ಎಲ್ಲವನ್ನೂ ನೋಡಿಕೊಂಡರು. ನಾನು ಜೀಪಿನ ಹತ್ತಿರ ಹೋಗಿ ರಾಜಶೇಖರ್ ಅವರಿಗೆ ಫೋನ್ ಮಾಡಿದೆ.

ಅವರು ಕೆಟ್ಟವರಲ್ಲ. ಕೇಳಿ ನಿಜವಾಗಿಯೂ ನೊಂದುಕೊಂಡರು. ಆಮೇಲೆ, ಪಿರಿಯಾಪಟ್ಟಣದ ಕಡೆ ಗುಣವಾದ ಕೆಂಪು ಹಸು ಯಾವುದಾದರೂ ಇದ್ದರೆ ಅದರ ಫೋಟೋ ಹಾಕಿ ಪಾಠ ಮುಗಿಸಿಬಿಡಿ ಎಂದರು. “ಸರೋಜಮ್ಮ, ಕೆಂಪಿ ಸತ್ತಳು ಅಂತ ಇಷ್ಟು ಊರಿಗೆ ಗೊತ್ತಾದರೆ ನಾಳೆ ಎಲ್ಲರೂ ಹಸು ಹೊಡೆದುಕೊಂಡು ದಲ್ಲಾಳಿ ಹತ್ತಿರ ಓಡುತ್ತಾರೆ. ನಾವು ಮಾಡಿದ್ದೆಲ್ಲ ನೀರಲ್ಲಿ ಹೋಮ” ಎಂದರು. ಆ ಮಾತಿನಲ್ಲಿ ತೂಕವಿತ್ತು. ಹೆದರಿದ ಹೆಂಗಸರು ಏನು ಮಾಡುತ್ತಾರೆಂದು ನಾನೇ ಕಣ್ಣಾರೆ ಕಂಡಿದ್ದೆ. ಆದರೆ ನಮ್ಮ ಪಾಠ ನಿಂತಿದ್ದುದೇ ಕೆಂಪಿಯ ಮೇಲೆ. ಅವಳನ್ನು ಹೂತ ಊರಿನ ಡೇರಿಯಲ್ಲೇ ಅವಳು ಎದ್ದು ನಿಂತಳೆಂದು ಸ್ಪೀಕರಿನಲ್ಲಿ ಹೇಗೆ ಕೂಗಿಸುವುದು? ಸಂಜೆಯೊಳಗೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಗೌರಮ್ಮನಿಗೆ ಏನನ್ನೂ ಮುಚ್ಚಿಡಲಿಲ್ಲ. ಸಾಹೇಬರು ಹೇಳಿದ್ದು, ನನ್ನ ಹೆದರಿಕೆ ಎರಡನ್ನೂ ಹೇಳಿದೆ. ಅವಳು ಗೋದಲಿಯ ಪಕ್ಕದಲ್ಲಿ ಕೂತಿದ್ದಳು. “ಅವ್ರೆಲ್ಲ ಕೆಂಪಿ ಎಂಗವ್ಳೆ ಅಂತ ನನ್ನೇ ಅಲ್ವಾ ಕೇಳಿದ್ದು? ನಾನೇ ಏಳ್ತೀನಿ” ಎಂದಳು. ಪೂಣಚ್ಚನವರು ಫೋನನ್ನು ಅವಳ ಮುಂದೆ ಹಿಡಿದರು. ಅವಳು ಹೇಳಿದ್ದು ಈಗಲೂ ನನ್ನ ಬಾಯಲ್ಲಿದೆ.

“ನಾನು ಗೌರಮ್ಮ. ನಮ್ ಕೆಂಪಿ ಓಗ್ಬುಟ್ಲು ಕಣ್ರವ್ವ. ಔಸ್ದಿ ಕೊಡ್ಸುದ್ದೊ, ಒಗೆ ಆಕುದ್ದೊ, ಉಳೀನಿಲ್ಲ. ಎಲ್ಲಾ ಅಸನೂ ಸಾಯಾಕಿಲ್ಲ. ನಮ್ಮೂರಲ್ಲೇ ಎದ್ದು ನಿಂತಿರೋವು ಅವೆ. ನಮ್ಮನೆಗೂ ದಲ್ಲಾಳಿ ಬಂದಿದ್ದ, ನಾನು ಕೊಡ್ನಿಲ್ಲ. ನಮ್ಮವ್ಳು ನಮ್ ಕೊಟ್ಗೇಲೇ ಸತ್ಲು. ಇನ್ನೊಂದೂರ್ಗೋಗಿ ಇನ್ನೊಬ್ರ ಕೊಟ್ಗೆ ಕೆಡಿಸ್ನಿಲ್ಲ. ನೀವೂ ಕೊಡಬ್ಯಾಡಿ. ಕರ ಬ್ಯಾರೆ ಕಟ್ಟಿದ್ದೊ, ಅದು ಚೆಂದಾಗದೆ. ಅಷ್ಟೇಯ.”

ಅವಳು ಮಾತಾಡುವಾಗ ಆಚೆ ಬದಿಯಿಂದ ಕರು ಎರಡು ಸಲ ಕೂಗಿತು. ಸದ್ದು ಸೇರಿಕೊಂಡಿದೆ, ಇನ್ನೊಂದು ಸಲ ಹೇಳುತ್ತೀರಾ ಎಂದು ಕೇಳಬೇಕೆಂದು ಪೂಣಚ್ಚನವರಿಗೆ ಅನ್ನಿಸಿತಂತೆ. ಕೇಳಲಿಲ್ಲ. ನಾನು ಆ ಧ್ವನಿಯನ್ನು ಹಾಗೆಯೇ ರಾಜಶೇಖರ್ ಅವರಿಗೆ ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಫೋನ್ ಮಾಡಿ, “ಇದನ್ನೇ ಕಳಿಸಿ. ಮುಂದೆ ಹಿಂದೆ ಏನೂ ಸೇರಿಸಬೇಡಿ” ಎಂದರು. ಅಷ್ಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದರಲ್ಲಿ ನನಗೆ ಅವರ ಮೇಲೆ ಅತಿ ಹೆಚ್ಚು ಗೌರವ ಬಂದದ್ದು ಆ ಗಳಿಗೆಯಲ್ಲಿ.

ಮರುದಿನ ಸಂಜೆ ಬಿಳಿಕೆರೆಯ ಕಡೆಯ ಡೇರಿಗೆ ನಾನೇ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಗೌರಮ್ಮನ ಮಾತು ಶುರುವಾದಾಗ ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ಹೆದ್ದಾರಿಯಲ್ಲಿ ಬಸ್ಸುಗಳು ಹೋಗುವ ಸದ್ದು ಬಿಟ್ಟರೆ ಬೇರೇನಿಲ್ಲ. ಮುಗಿದ ಮೇಲೂ ಯಾರೂ ಮುಂದಕ್ಕೆ ಸರಿಯಲಿಲ್ಲ. ಆಮೇಲೆ ಮುಂದಿದ್ದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ತನ್ನ ಕ್ಯಾನು ಮುಂದಿಟ್ಟಳು. ಸಾಲು ಮತ್ತೆ ಚಲಿಸಿತು.

ಅಂದಿನಿಂದ ಬಂದ ದನಿಗಳು ನನಗಲ್ಲ, ಗೌರಮ್ಮನಿಗೆ. ಸಾವಿನ ಮನೆಗೆ ಮಾತಾಡಿಸಲು ಬಂದವರ ಹಾಗೆ ಸಮಾಧಾನ ಹೇಳಿ, ಆಮೇಲೆ ತಮ್ಮ ಹಸುವಿನ ಕಷ್ಟ ಹೇಳಿಕೊಳ್ಳುತ್ತಿದ್ದರು. ನಾನು ದಾಟಿಸುತ್ತಿದ್ದೆ, ಅವಳೇ ಉತ್ತರ ಹೇಳುತ್ತಿದ್ದಳು. ತಿಳಿಯದ್ದನ್ನು ಮಾತ್ರ ಪೂಣಚ್ಚನವರನ್ನು ಕೇಳುತ್ತಿದ್ದಳು. ಹಸು ಮಾರಿದವರೇ ಇಲ್ಲ ಎಂದು ಹೇಳಲಾರೆ. ಮಾರಿದವರೂ ಇದ್ದರು, ಕಳೆದುಕೊಂಡವರೂ ಇದ್ದರು. ಆದರೆ ಟೆಂಪೋದವನನ್ನು ಊರ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದೆವು ಎಂಬ ಸುದ್ದಿಯೂ ಅಲ್ಲೊಂದು ಇಲ್ಲೊಂದು ಬಂತು. ಲಸಿಕೆಯವರು ಊರೂರಿಗೆ ತಲುಪಿದರು, ಮಳೆ ನಿಂತಿತು, ನೊಣ ಕಡಿಮೆಯಾಯಿತು, ಕಾಯಿಲೆಯೂ ಇಳಿಯಿತು. ಪಾಠ ಮುಗಿದರೂ ಹೆಂಗಸರು ಮಾತಾಡುವುದನ್ನು ಬಿಡಲಿಲ್ಲ. ನಿವೃತ್ತಿಯ ದಿನದವರೆಗೂ ನನ್ನ ಸಂಜೆಗಳು ಆ ದನಿಗಳಿಂದಲೇ ತುಂಬಿದ್ದವು.

ಈಗ ಹಾಗೆ ದನಿ ಕಳಿಸಿ ಕೇಳುವ ಏರ್ಪಾಟು ಇಲ್ಲ. ಅದರ ಬದಲು ಒಂದು ಆ್ಯಪ್ ಬಂದಿದೆ. ಹಳೆಯ ಸಹೋದ್ಯೋಗಿಯೊಬ್ಬರು ತೋರಿಸಿದರು, ಅಂದವಾದ ಚಿತ್ರಗಳಿವೆ, ಕೇಳಿದ್ದಕ್ಕೆ ತಕ್ಷಣ ಉತ್ತರ ಬರುತ್ತದೆ. ನಾನು ಅದನ್ನು ಹಳಿಯುವುದಿಲ್ಲ, ಮುಂಚೆಯೇ ಇದ್ದಿದ್ದರೆ ಇನ್ನಷ್ಟು ಹಸುಗಳು ಉಳಿಯುತ್ತಿದ್ದವೇನೋ. ಆದರೂ ಸಂಜೆ ಹಾಲಿನ ಹೊತ್ತಾದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಯಾವುದೋ ಊರಿನ ಯಾವಳೋ ಒಬ್ಬಳು “ಮೇಡಮ್ಮಾರೆ, ನಮ್ದೊಂದು ಸಮಾಚಾರ” ಎಂದು ಶುರು ಮಾಡಲಿ ಅನ್ನಿಸುತ್ತದೆ. ಹಳೆಯ ಕಾಲದವರ ಮುಖಗಳು ನನಗೆ ನೆನಪಿವೆ, ಕಣ್ಣು ಮುಚ್ಚಿದರೆ ಬರುತ್ತವೆ. ಈ ಕೊನೆಯವರ ಮುಖಗಳನ್ನು ಮಾತ್ರ ನಾನು ನೋಡಲೇ ಇಲ್ಲ. ಅಷ್ಟು ಹತ್ತಿರದಿಂದ ಅವರ ಉಸಿರು ಕೇಳಿಸಿಕೊಂಡಿದ್ದೇನೆ. ದಾರಿಯಲ್ಲಿ ಎದುರಿಗೆ ಬಂದರೂ ಗುರುತು ಹಿಡಿಯಲಾರೆ. ನಿವೃತ್ತಿಯಾದ ಮೇಲೆ ನನ್ನನ್ನು ಕಾಡಿದ್ದು ಇದೊಂದೇ.

ಕಳೆದ ಬೇಸಿಗೆಯಲ್ಲಿ ನೆಂಟರ ಗೃಹಪ್ರವೇಶಕ್ಕೆಂದು ಎಚ್.ಡಿ. ಕೋಟೆಯ ಆಚೆ ಹೋಗಿದ್ದೆ. ವಾಪಸು ಬರಲು ರಸ್ತೆ ಬದಿಯ ತಂಗುದಾಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ಹುಲ್ಲಿನ ಹೊರೆ ಇಳಿಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದ ಹೆಂಗಸನ್ನು, ಹುಣಸೂರು ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು.

“ಇನ್ನೊಂದ್ಕಿತ ಮಾತಾಡಿ” ಎಂದಳು.

ನನಗೆ ಅರ್ಥವಾಗಲಿಲ್ಲ. ಬಸ್ಸು ಯಾವಾಗ ಬರುತ್ತದಮ್ಮ ಎಂದು ಮತ್ತೆ ಕೇಳಿದೆ. “ನೀವು ಕೆಂಪಿ ಪಾಟ ಮಾಡ್ತಿದ್ದ ಮೇಡಮ್ಮಾರಲ್ವಾ?” ಎಂದು ನನ್ನ ಕೈ ಹಿಡಿದುಕೊಂಡಳು.

ಅವಳ ಹೆಸರು ಚಿಕ್ಕತಾಯಮ್ಮ. ರಸ್ತೆಯಿಂದ ನಾಲ್ಕು ಹೆಜ್ಜೆಗೆ ಮನೆ. ಬಿಡದೆ ಕರೆದುಕೊಂಡು ಹೋದಳು. ಕೊಟ್ಟಿಗೆಯಲ್ಲಿ ಕಪ್ಪು ಬಿಳುಪಿನ ಹಸುವೊಂದು ಕಟ್ಟಿತ್ತು. ಮೈತುಂಬ ಕೂದಲು ಬಾರದ ಕಲೆಗಳು. ಎರಡಿದ್ದವು, ಒಂದು ಹೋಯಿತು, ಇದು ಉಳಿಯಿತು ಎಂದಳು. ನಾನು ಹಸುವಿನ ಪಕ್ಕೆಯ ಮೇಲೆ ಕೈಯಿಟ್ಟೆ. ಚರ್ಮ ಅಲ್ಲಲ್ಲಿ ಒರಟಾಗಿತ್ತು, ಕೆಳಗೆ ಬೆಚ್ಚಗಿತ್ತು. ಅವಳು ಜಗಲಿಯ ಮೇಲೆ ಚಾಪೆ ಹಾಸಿ, ಕಾಫಿ ಕೊಟ್ಟು, ಎದುರಿಗೆ ಕೂತು ಕೇಳಿದಳು: “ಗೌರಮ್ಮಾರು ಚೆಂದಾಗವ್ರಾ?”

ಒಂದು ದಿನವೂ ನೋಡದವಳನ್ನು ಒಡಹುಟ್ಟಿದವಳ ಹಾಗೆ ಕೇಳಿದಳು. ನಾನು ಗೌರಮ್ಮನಿಗೆ ಫೋನ್ ಹಚ್ಚಿ, ಇಲ್ಲೊಬ್ಬರು ನಿನ್ನ ಜೊತೆ ಮಾತಾಡಬೇಕಂತೆ ಎಂದು ಅವಳ ಕೈಗೆ ಕೊಟ್ಟೆ. ಮೊದಲು ಇಬ್ಬರೂ ಸಂಕೋಚದಿಂದ ಊಟ ಆಯಿತಾ ಎಂದು ಕೇಳಿಕೊಂಡರು. ಆಮೇಲೆ ಗೌರಮ್ಮ ತನ್ನ ಕೆಂಪಿಯ ಕರು ಈಗ ತಾನೇ ಕರು ಹಾಕಿರುವುದನ್ನು ಹೇಳಿದಳು. ಚಿಕ್ಕತಾಯಮ್ಮ ತನ್ನ ಹಸು ಒದೆಯುವುದನ್ನು ಹೇಳಿದಳು. ಅಲ್ಲಿಂದ ಮಾತು ಮೇವಿಗೆ, ಮಳೆಗೆ, ಮೊಣಕಾಲು ನೋವಿಗೆ ಹೋಯಿತು. ಚಿಕ್ಕತಾಯಮ್ಮ ಫೋನ್ ಕಿವಿಗಿಟ್ಟುಕೊಂಡೇ ಎದ್ದು ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕತೊಡಗಿದಳು. ನಾನಿರುವುದನ್ನು ಇಬ್ಬರೂ ಮರೆತೇಬಿಟ್ಟಿದ್ದರು.

ರಸ್ತೆಯಲ್ಲಿ ಹುಣಸೂರಿನ ಬಸ್ಸು ಹಾರನ್ ಹೊಡೆದು ನಿಂತ ಸದ್ದು ಕೇಳಿತು. ನಾನು ಚಾಪೆಯಿಂದ ಏಳಲಿಲ್ಲ.